ಅತ್ತೆಯವರ ಕರೆಗಂಟೆ

ಅಂದಿನ ಅವಾಂತರಕ್ಕೆಲ್ಲ ಮೂಲ ಅವನು ಬರೆಯಲು ಮರೆತ ಒಂದೇ ಒಂದು ಸಾಲು.

ಆಸ್ಪತ್ರೆಯ ಮಂಚಗಳಿಗೆ ಕರೆಗಂಟೆ ಮಾಡಿಕೊಡುವ ಸಣ್ಣ ಕಂಪನಿಯಲ್ಲಿ ಅವನು ಡ್ರೈವರ್ ಬರೆಯುವವನು. ಗಂಟೆಯ ಗುಂಡಿಗೂ ಕಂಪ್ಯೂಟರಿಗೂ ಮಾತುಕತೆ ನಡೆಸಿಕೊಡುವ ಪ್ರೋಗ್ರಾಮಿಗೆ ಆ ಹೆಸರು. ರೋಗಿ ಗುಂಡಿ ಒತ್ತಿದೊಡನೆ ಕಂಪ್ಯೂಟರು ಕೈಲಿದ್ದ ಕೆಲಸ ಬಿಟ್ಟು ಓಗೊಡಬೇಕು. ಇದನ್ನು ಇಂಟರಪ್ಟ್ ಎನ್ನುತ್ತಾರೆ. ಓಗೊಟ್ಟು, ‘ಕೇಳಿಸಿತು’ ಎಂದು ಗುಂಡಿಗೆ ತಿಳಿಸಿ, ಬಿಟ್ಟ ಕೆಲಸಕ್ಕೆ ಮರಳಬೇಕು. ಆ ‘ಕೇಳಿಸಿತು’ ಎನ್ನುವ ಸಾಲೇ ಬಿಟ್ಟುಹೋಗಿತ್ತು. ಹಾಗಾಗಿ ಒಮ್ಮೆ ಗುಂಡಿ ಒತ್ತಿದರೆ ಸಾಕು, ಹಠಮಾರಿ ಮಗುವಿನ ತಾಯಿಯಂತೆ ಕಂಪ್ಯೂಟರು ಅದೇ ಕರೆಗೆ ಮತ್ತೆ ಮತ್ತೆ ಓಡಿ, ಬೇರೇನೂ ಮಾಡಲಾಗದೆ ಕಲ್ಲಾಗುತ್ತಿತ್ತು. ಕಾರಣ ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಸಂಜೆಯೊಳಗೆ ಗಂಟೆ ವಾರ್ಡು ಸೇರಬೇಕಿತ್ತು. ಅದೇ ವಾರ್ಡಿನಲ್ಲಿ ಅವನ ಹೆಂಡತಿಯ ತಾಯಿ ಕಾಲು ಮುರಿದುಕೊಂಡು ಮಲಗಿದ್ದರು. ಅಲ್ಲಿನ ಹಳೆಯ ಗಂಟೆ ಕೆಟ್ಟಿದ್ದರಿಂದ ಏನು ಬೇಕಾದರೂ ಅಳಿಯನಿಗೇ ಫೋನು.

“ಅಳಿಯಂದ್ರೇ, ಕೆಲಸದಲ್ಲಿದ್ರಾ? ಏನಿಲ್ಲ, ದಿಂಬು ಜಾರಿಬಿಟ್ಟಿದೆ.”

ಅವನು ವಾರ್ಡಿಗೆ ಫೋನ್ ಮಾಡಿ ನರ್ಸನ್ನು ಬೇಡಿಕೊಂಡ. ತಿರುಗಿ ನೋಡಿದರೆ, ತಲೆಯಲ್ಲಿ ಕಟ್ಟಿಕೊಂಡಿದ್ದ ಲೆಕ್ಕಾಚಾರವೆಲ್ಲ ಒಲೆಯ ಮೇಲೆ ಮರೆತ ಹಾಲಿನಂತೆ ಉಕ್ಕಿ ಹೋಗಿತ್ತು. ಮೊದಲಿನಿಂದ ಓದಲು ಕೂತ.

“ಅಳಿಯಂದ್ರೇ, ಕಿಟಕಿಯಿಂದ ಬಿಸಿಲು ಮುಖಕ್ಕೇ ಹೊಡೀತಿದೆ.”

ಮತ್ತೆ ವಾರ್ಡಿಗೆ ಫೋನು, ಮತ್ತೆ ಮೊದಲಿನಿಂದ ಓದು. ಕೊನೆಗೆ ಮೊಬೈಲ್ ಆಫ್ ಮಾಡಿ ಡ್ರಾಯರಿಗೆ ಹಾಕಿದ. ಆಗ ಆಫೀಸಿನ ಫೋನಿಗೆ ಹೆಂಡತಿಯ ಕರೆ ಬಂತು.

“ಅಮ್ಮನ ಫೋನ್ ಯಾಕೆ ಎತ್ತಲ್ಲ ನೀವು? ಮಲಗಿರೋ ಜೀವ ಎಷ್ಟು ನೊಂದ್ಕೊಂಡಿದೆ ಗೊತ್ತಾ?”

ಮೊಬೈಲ್ ಡ್ರಾಯರಿನಿಂದ ಹೊರಬಂತು.

ಅಷ್ಟರಲ್ಲಿ ಗಂಟೆ ಕೈಕೊಟ್ಟ ಸುದ್ದಿ ಆಫೀಸಿನಲ್ಲೆಲ್ಲ ಹರಡಿತ್ತು. ಮಾರಾಟದವನು ಬಂದು, “ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ಯಾ?” ಎಂದು ಗಂಭೀರವಾಗಿ ಕೇಳಿದ. ವೈರಿಂಗ್ ಅಣ್ಣ, “ತಪ್ಪು ನಂದೇ ಅಂತ ಆಮೇಲೆ ಹೇಳ್ತೀರಿ,” ಎಂದು, ಯಾರೂ ಏನೂ ಅನ್ನದಿದ್ದರೂ, ಮುನಿಸಿಕೊಂಡು ತಂತಿಗಳನ್ನೆಲ್ಲ ಬಿಚ್ಚಿ ಹರಡಿದ. ಇದನ್ನೆಲ್ಲ ನೋಡಿ ತಲೆಕೆಟ್ಟ ಅಳಿಯ ಇಂಟರಪ್ಟ್‌ಗಳನ್ನೇ ತಡೆದುಬಿಟ್ಟ. ಕಂಪ್ಯೂಟರು ಈಗ ಕಲ್ಲಾಗಲಿಲ್ಲ. ಮಾಲೀಕರು ಬಂದು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು.

“ತುಂಬಾ ಶಾಂತವಾಗಿದೆಯಪ್ಪ,” ಎಂದರು. “ರೋಗಿ ಸತ್ತರೂ ಯಾರಿಗೂ ತೊಂದರೆ ಆಗಲ್ಲ. ಸಂಜೆಯೊಳಗೆ ಇದು ಆಗಲಿಲ್ಲ ಅಂದ್ರೆ ನೀನು ಬೇರೆ ಕಡೆ ನೋಡ್ಕೋಬೇಕಾಗುತ್ತೆ.”

ಅವನು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಪುಣ್ಯಕ್ಕೆ ಅದು ಅತ್ತೆ ನಿದ್ದೆಹೋಗುವ ಹೊತ್ತು. ಆ ಮೌನದಲ್ಲಿ, ಇರಬೇಕಾದ ಸಾಲು ಇಲ್ಲದಿರುವುದು, ಬಿದ್ದ ಹಲ್ಲಿನ ಜಾಗದಂತೆ ಕಣ್ಣಿಗೆ ಹೊಡೆಯಿತು. ಬರೆದ. ತಡೆ ತೆಗೆದ. ಗುಂಡಿ ಒತ್ತಿದ. ಗಂಟೆ ಮೊಳಗಿತು, ದೀಪ ಹತ್ತಿತು, ಕಂಪ್ಯೂಟರು ತನ್ನ ಪಾಡಿಗೆ ಕೆಲಸಕ್ಕೆ ಮರಳಿತು. ಅವನು ಕುರ್ಚಿಯಲ್ಲಿ ಕೂತು ಸುಮ್ಮನೆ ಕಣ್ಣೊರೆಸಿಕೊಂಡ.

ಸಂಜೆ ವಾರ್ಡಿನಲ್ಲಿ ಗಂಟೆ ಜೋಡಿಸಿದರು. ಒತ್ತಿದಾಗಲೆಲ್ಲ ಒಬ್ಬ ನರ್ಸ್ ಬಂದು ನಿಂತಳು. ಮಾಲೀಕರು ಬೆನ್ನು ತಟ್ಟಿದರು. ಅವನು ಗುಂಡಿಯನ್ನು ತಾನೇ ಅತ್ತೆಯ ಅಂಗೈಯಲ್ಲಿಟ್ಟ.

“ಇನ್ನು ಯೋಚನೆ ಇಲ್ಲ ಅತ್ತೆ. ಏನು ಬೇಕಾದ್ರೂ ಇದನ್ನ ಒತ್ತಿ.”

“ನಿಮ್ಮ ಹೊಟ್ಟೆ ತಣ್ಣಗಿರಲಿ,” ಎಂದು ಅವರು ತುಂಬಿದ ಕಣ್ಣಲ್ಲಿ ಹರಸಿದರು.

ಎಷ್ಟೋ ದಿನಗಳ ಭಾರ ಇಳಿದವನಂತೆ ಬಸ್ಸಿನ ಕಿಟಕಿ ಪಕ್ಕ ಕೂತಿದ್ದ. ಮೊಬೈಲ್ ಸದ್ದು ಮಾಡಿತು.

“ಅಳಿಯಂದ್ರೇ, ಕುಡಿಯೋ ನೀರು ಖಾಲಿ.”

“ಗುಂಡಿ ಒತ್ತಿ ಅತ್ತೆ.”

“ಒತ್ತಿದ್ರೆ ಆ ಹುಡುಗಿ ಮಾಡ್ತಿರೋ ಕೆಲಸ ಬಿಟ್ಟು ಓಡಿ ಬರ್ತಾಳೆ, ಪಾಪ. ಹಂಗೆಲ್ಲ ತೊಂದರೆ ಕೊಡೋಕೆ ನಂಗೆ ಮನಸ್ಸು ಬರಲ್ಲ. ನೀವಾದ್ರೆ ಸಮಾಧಾನವಾಗಿ ಹೇಳ್ತೀರಿ.”

ಅವನು ವಾರ್ಡಿನ ನಂಬರ್ ನೆನಪಿಸಿಕೊಳ್ಳತೊಡಗಿದ.

“ಪಕ್ಕದ ಮಂಚದವ್ರೂ ನನ್ನ ಹಾಗೇನೇ, ಸಂಕೋಚದೋರು,” ಎಂದರು ಅತ್ತೆ. “ಈ ಸಾಲಿನೋರಿಗೆಲ್ಲ ನಿಮ್ಮ ನಂಬರ್ ಕೊಟ್ಟಿದ್ದೀನಿ.”