ಕೋಟಿ ವರ್ಷದ ಕಲ್ಲು, ಆರು ತಿಂಗಳ ಅತ್ತೆ

ಬೇರೆಯವರ ಮನೆಗೆ ಶನಿವಾರ ಭಾನುವಾರ ನೆಂಟರು ಬರುತ್ತಾರೆ. ನಮ್ಮ ಮನೆಗೆ ಲಕ್ಷ ವರ್ಷದ ಹಿಂದೆ ಸತ್ತವರು ಬರುತ್ತಾರೆ. ಬಂದವರು ಸುಮ್ಮನೆ ಹೋಗುವುದೂ ಇಲ್ಲ, ಅತ್ತೆಗೂ ನನಗೂ ತಂದಿಟ್ಟೇ ಹೋಗುತ್ತಾರೆ.

ಕರೆದುಕೊಂಡು ಬರುವವಳು ನನ್ನ ಎಂಟು ವರ್ಷದ ಮಗಳು. ಎಲ್ಲಿ ಯಾರು ಮಣ್ಣು ಅಗೆದು ಮೂಳೆ ತೆಗೆದರೂ, ಯಾವ ದೂರದರ್ಶಕಕ್ಕೆ ಯಾವ ಚುಕ್ಕಿ ಕಂಡರೂ ಆ ಸುದ್ದಿ ಫೆಲ್ಥಮ್‌ನ ನಮ್ಮ ಫ್ಲಾಟಿಗೆ ಸಂಜೆಯೊಳಗೆ ಬಂದಿರುತ್ತದೆ. ನಾನು ಓದಿದ್ದು ಹತ್ತನೇ ಕ್ಲಾಸು. ಬೆಳಿಗ್ಗೆ ಪಾರ್ಕ್ ರಾಯಲ್‌ನಲ್ಲಿ ದೋಸೆ ಹಿಟ್ಟು ಪ್ಯಾಕ್ ಮಾಡುವ ಕೆಲಸ. ಇವರಿಗೆ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ರಾತ್ರಿ ಪಾಳಿ. ಈ ಮಧ್ಯೆ ಕುಂದಾಪುರದಿಂದ ಅತ್ತೆ ಆರು ತಿಂಗಳ ವೀಸಾದಲ್ಲಿ ಬಂದಿಳಿದರು.

ಅತ್ತೆ ಬಂದದ್ದು ಲಂಡನ್ ನೋಡುವುದಕ್ಕಲ್ಲ. ವಿಮಾನ ನಿಲ್ದಾಣದಲ್ಲೇ ಹೇಳಿಬಿಟ್ಟರು: "ನಂಗೆ ರಾಣಿ ಅರಮನೆ ಬೇಡ, ದೊಡ್ಡ ಗಡಿಯಾರ ಬೇಡ. ಮೊಮ್ಮಗಳು ನನ್ನತ್ರ ಕನ್ನಡದಲ್ಲಿ ನಾಲ್ಕು ಮಾತಾಡ್ಲಿ. ಅಷ್ಟು ಕೇಳಿ ವಾಪಸ್ ಹೋಗ್ತೆ."

ನಮ್ಮ ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಹೀಗಾಗಿ ಇವಳು ಹೇಳಿದ್ದನ್ನು ಅವರಿಗೆ ದಾಟಿಸುವ ದೋಣಿಯ ಕೆಲಸ ನನ್ನದು. ದೋಣಿಯವನಿಗಾದರೂ ರಜೆ ಇರುತ್ತದೆ. ನನಗಿದ್ದ ಒಂದೇ ಬಿಡುವೆಂದರೆ ಒಲೆಯ ಮೇಲಿನ ಫ್ಯಾನ್. ಅದನ್ನು ಜೋರಾಗಿ ಹಾಕಿಕೊಂಡು ಸಾರು ಕುದಿಸುತ್ತ ಮನಸ್ಸಿಗೆ ಬಂದದ್ದನ್ನು ಗೊಣಗಿಕೊಂಡರೆ ಆಚೆ ಕೋಣೆಯಲ್ಲಿರುವ ಅತ್ತೆಗೆ ಕೇಳುವುದಿಲ್ಲ. ಮಗಳು ಪಕ್ಕದಲ್ಲೇ ಕೂತಿರುತ್ತಾಳೆ, ನಿಜ. ಆದರೆ ಪುಸ್ತಕ ಹಿಡಿದರೆ ಅವಳಿಗೆ ಕಿವಿಯೇ ಇಲ್ಲವೆಂದು ನಾನು ನಂಬಿದ್ದೆ.

ಯಾರ ಕಡೆಯವರು?

ಒಂದು ಸಂಜೆ ಮಗಳು ಶಾಲೆಯ ಚೀಲ ಎಸೆಯುವ ಮೊದಲೇ ಸುದ್ದಿ ಎಸೆದಳು. ನಿಯಾಂಡರ್ತಲ್ ಎಂಬ ಹಳೇ ಕಾಲದ ಮನುಷ್ಯರಿದ್ದರಂತೆ. ಈಗ ಅವರಿಲ್ಲ. ಆದರೆ ಅವರ ಅಂಶ ಒಂದಿಷ್ಟು ನಮ್ಮ ಮೈಯಲ್ಲೂ ಇದೆಯಂತೆ. ನಾನು ಅತ್ತೆಗೆ ದಾಟಿಸಿದೆ.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಅಂದ್ರೆ ಅವ್ರಿಗೂ ನಮ್ಗೂ ಸಂಬಂಧ ಆಗಿತ್ತು ಅಂತಾಯ್ತು. ಹೆಣ್ಣು ಕೊಟ್ಟದ್ದೋ, ತಂದದ್ದೋ?"

"ಬೋತ್," ಎಂದಳು ಮಗಳು.

"ಎರಡೂ ಅಂತೆ."

"ಗೋತ್ರ ಕೇಳಿದ್ರಾ?"

"ಅತ್ತೆ, ಅವರು ಗುಹೆಯಲ್ಲಿದ್ದವರು!"

"ಗುಹೆಯಲ್ಲಿ ಋಷಿಗಳೂ ಇದ್ರು. ಸುಮ್ನಿರು."

ಮಗಳು ಪುಸ್ತಕದ ಚಿತ್ರ ತೋರಿಸಿದಳು. ದಪ್ಪ ಹುಬ್ಬು, ಅಗಲ ಮೂಗು, ಕುಳ್ಳಗೆ ಗಟ್ಟಿಮುಟ್ಟು ಆಳು. ಅತ್ತೆ ಚಿತ್ರ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಚಿತ್ರ ನೋಡಿದರು. "ನಿನ್ನ ತವರಿನ ಕಡೆಯವ್ರು ಇರ್ಬೇಕು."

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ರಾತ್ರಿ ಪಾಳಿಯ ನಿದ್ದೆ ಮುಗಿಸಿ ಇವರು ಎದ್ದು ಬಂದರು. ತಲೆಗೂದಲು ಕಾಡಾಗಿದೆ, ಕಣ್ಣು ಅರ್ಧ ಮುಚ್ಚಿದೆ. ಯಾರನ್ನೂ ಮಾತಾಡಿಸದೆ ಎದೆ ಕೆರೆಯುತ್ತ ಹೋಗಿ ಫ್ರಿಜ್ ತೆಗೆದು, ನಿನ್ನೆಯ ಪಲ್ಯವನ್ನು ನಿಂತಲ್ಲೇ ಕೈಯಿಂದ ಬಾಯಿಗೆ ತುಂಬಿಕೊಂಡು, ಏನೋ ಒಂದು ಹೂಂಕಾರ ಹೊರಡಿಸಿದರು.

"ಅತ್ತೆ," ಎಂದೆ, "ನಿಮ್ಮ ಕಡೆಯವರು ಬಂದ್ರು. ಮಾತಾಡ್ಸಿ."

ಶನಿಯ ಪರಿವಾರ

ಇವರ ಜಾತಕದಲ್ಲಿ ಸಾಡೇಸಾತಿ ನಡೆಯುತ್ತಿದೆ ಎಂದು ಅತ್ತೆ ಊರಿನಿಂದಲೇ ಕೇಳಿಸಿಕೊಂಡು ಬಂದಿದ್ದರು. ಅಂಥ ಹೊತ್ತಿನಲ್ಲಿ ನಮ್ಮ ಮಗಳು ಹೇಳಿದಳು, ಶನಿ ಗ್ರಹಕ್ಕೆ ಹೊಸದಾಗಿ ನೂರಕ್ಕೂ ಹೆಚ್ಚು ಚಂದ್ರರು ಸಿಕ್ಕಿದ್ದಾರೆ ಎಂದು.

ಅತ್ತೆಯ ಮುಖ ಬಾಡಿತು. "ಒಬ್ಬನೇ ಬಂದಾಗ್ಲೇ ಏಳೂವರೆ ವರ್ಷ ಎದ್ದು ಹೋಗುವುದಿಲ್ಲ. ಇನ್ನು ನೂರು ಜನ ಕಟ್ಕೊಂಡು ಬಂದ್ರೆ ನನ್ನ ಮಾಣಿ ಗತಿ ಎಂತ?"

ಆ ಶನಿವಾರ ಒಂದು ಎಳ್ಳೆಣ್ಣೆ ದೀಪ ಸಾಲದು ಎಂದು ಸಾಲಾಗಿ ಹಚ್ಚಿದರು. ಶನಿ ಸಂತೃಪ್ತನಾದನೋ ಇಲ್ಲವೋ, ಚಾವಣಿಯ ಹೊಗೆ ಅಲಾರಂ ಕಿರುಚಿಕೊಂಡಿತು. ನಾನು ಟವೆಲ್ ಬೀಸುತ್ತಿದ್ದಾಗ ಕೆಳಗಿನ ಮನೆಯ ಇಂಗ್ಲಿಷ್ ಅಜ್ಜಿ ಕೋಲೂರಿಕೊಂಡು ಬಾಗಿಲಿಗೆ ಬಂದರು. ಬೈಯುತ್ತಾರೆಂದು ನಾನು ನಾಲಿಗೆ ಸಾಣೆ ಹಿಡಿದು ನಿಂತೆ. ಮಗಳು ಮುಂದೆ ಹೋಗಿ, ಅಪ್ಪನಿಗೆ ಶನಿ ಕಾಟ ಕೊಡಬಾರದೆಂದು ತನ್ನ ಅಜ್ಜಿ ದೀಪ ಹಚ್ಚಿದ್ದಾರೆ ಎಂದು ಚೆಂದ ಮಾಡಿ ವಿವರಿಸಿದಳು.

ಕೆಳಗಿನ ಮನೆಯ ಅಜ್ಜಿ ಕೋಲಿನಿಂದ ತಮ್ಮ ಮೊಣಕಾಲು ತೋರಿಸಿದರು. "ಮೊಣಕಾಲು ಯಾವ ಗ್ರಹದ್ದು ಮಗೂ? ನನ್ನ ಹೆಸರಲ್ಲೂ ಒಂದು ಹಚ್ಚಲು ಹೇಳು. ಕಿಟಕಿ ಮಾತ್ರ ತೆಗೆದಿಡಿ."

ಹತ್ತನೇ ಕ್ಲಾಸು

ಸ್ಟ್ರಾಟ್‌ಫರ್ಡ್‌ನಲ್ಲಿ ಕನ್ನಡದವರ ಮನೆಯೊಂದರ ಹುಟ್ಟುಹಬ್ಬ. ಹೆಚ್ಚಿನವರು ಬೆಂಗಳೂರಿನ ಸಾಫ್ಟ್‌ವೇರ್ ಜನ. ನಮ್ಮ ಮಗಳು ಕೇಕಿನ ಮೇಜಿನ ಹತ್ತಿರ ನಿಂತು, ಇದೇ ಇಂಗ್ಲೆಂಡಿನಲ್ಲಿ ನಾಲ್ಕು ಲಕ್ಷ ವರ್ಷದ ಹಿಂದೆ ಮನುಷ್ಯರು ಕಲ್ಲಿಗೆ ಕಲ್ಲು ಕುಟ್ಟಿ ತಾವೇ ಬೆಂಕಿ ಮಾಡುತ್ತಿದ್ದರು ಎಂಬುದಕ್ಕೆ ಗುರುತು ಸಿಕ್ಕಿದೆ ಎಂದು ಉಳಿದ ಮಕ್ಕಳಿಗೆ ಪಾಠ ಮಾಡುತ್ತಿದ್ದಳು.

ಒಬ್ಬರು ಮೇಡಂ ನನ್ನ ಹತ್ತಿರ ಬಂದರು. "ತುಂಬಾ ಶಾರ್ಪ್ ಇದ್ದಾಳೆ ರೀ. ನೀವು ಏನು ಓದಿರೋದು?"

"ಹತ್ತನೇ ಕ್ಲಾಸು."

"ಓ... ಹಾಗಾದ್ರೆ ಇದನ್ನೆಲ್ಲ ಅವಳಿಗೆ ಯಾರು ಹೇಳ್ಕೊಡ್ತಾರೆ?"

"ಆ ಬೆಂಕಿ ಮಾಡಿದವ್ರಿಗೆ ಯಾರು ಹೇಳ್ಕೊಟ್ರು ಮೇಡಂ? ಅವ್ರು ನನಗಿಂತ ಕಡಿಮೆ ಓದಿದವ್ರು."

ಮೇಡಂ ಜ್ಯೂಸ್ ಲೋಟ ನೋಡಿಕೊಂಡರು. ಗೆದ್ದೆ ಎಂದುಕೊಂಡು ನಾನು ಸೆರಗು ಸರಿಮಾಡಿಕೊಂಡೆ. ಪಕ್ಕದಲ್ಲಿದ್ದ ಅತ್ತೆ ಮೇಡಂ ಭುಜ ತಟ್ಟಿ ಸಮಾಧಾನ ಹೇಳಿದರು. "ಬೇಜಾರ್ ಮಾಡ್ಕೋಬೇಡಿ. ಹತ್ತನೇ ಕ್ಲಾಸಿಗೇ ಇಷ್ಟು ನಾಲಿಗೆ. ಡಿಗ್ರಿ ಮಾಡಿದ್ದಿದ್ರೆ ನಾನು ವೀಸಾಕ್ಕೇ ಹಾಕ್ತಿರ್ಲಿಲ್ಲ."

ದೇವರೋ, ಬೊಂಡಾಸೋ

ಹೀಗೆ ಅತ್ತೆಯ ವೀಸಾ ಮುಗಿಯುತ್ತ ಬಂತು. ಅವರು ಕೇಳಲು ಬಂದ ನಾಲ್ಕು ಮಾತು ಮಾತ್ರ ಇನ್ನೂ ಹೊರಬಂದಿರಲಿಲ್ಲ. ಅತ್ತೆ ಬೆಲ್ಲ ತೋರಿಸಿ ನೋಡಿದರು, ಕತೆ ಹೇಳಿ ನೋಡಿದರು. ಮಗಳು ನಗುತ್ತಾಳೆ, ತೊಡೆಯ ಮೇಲೆ ಮಲಗುತ್ತಾಳೆ, "ಲವ್ ಯು ಅಜ್ಜಿ" ಅನ್ನುತ್ತಾಳೆ, ಅಷ್ಟೆ. "ಪರ್ವಾಗಿಲ್ಲ ಬಿಡು," ಎನ್ನತೊಡಗಿದ್ದರು ಅತ್ತೆ. ಅತ್ತೆ ಜಗಳವಾಡಿದರೆ ನನಗೆ ಏನೂ ಆಗುವುದಿಲ್ಲ. ಅವರು ಪರವಾಗಿಲ್ಲ ಅಂದರೆ ನನಗೆ ಗೊಣಗುವುದಕ್ಕೂ ಮನಸ್ಸಾಗುವುದಿಲ್ಲ.

ಶಾಲೆಯ ರಜೆಯಲ್ಲಿ ಎಲ್ಲರೂ ದಕ್ಷಿಣದ ಕಡಲ ತೀರಕ್ಕೆ ಹೋದೆವು. ಮಗಳು ಅಲ್ಲಿ ಒಂದು ಕಪ್ಪು ಕಲ್ಲು ಹೆಕ್ಕಿದಳು. ಒಳಗೆ ಸುರುಳಿ ಸುರುಳಿಯಾಗಿ ಚಕ್ರದ ಗುರುತು. ಅಮೊನೈಟ್ ಅಂತೆ. ಕೋಟಿಗಟ್ಟಲೆ ವರ್ಷದ ಹಿಂದೆ ಸಮುದ್ರದಲ್ಲಿದ್ದ ಪ್ರಾಣಿ, ಸ್ಕ್ವಿಡ್‌ನ ಅಂದರೆ ನಮ್ಮೂರಿನ ಬೊಂಡಾಸಿನ ಹಳೇ ನೆಂಟ, ಕಲ್ಲಾಗಿದೆ. ಮನೆಗೆ ಬಂದವಳು ಅದನ್ನು ಕಾಲುಚೀಲದಲ್ಲಿ ಸುತ್ತಿ ತನ್ನ ಡ್ರಾಯರಿನಲ್ಲಿಟ್ಟಳು. ಮರುವಾರ ತರಗತಿಯಲ್ಲಿ ಎಲ್ಲರಿಗೂ ತೋರಿಸಿ ಮಾತಾಡಬೇಕಿತ್ತು.

ಅದರ ಹಿಂದಿನ ದಿನ ನಾನು ಕೆಲಸ ಮುಗಿಸಿ ಮಗಳನ್ನು ಶಾಲೆಯಿಂದ ಕರೆದುಕೊಂಡು ಬಂದೆ. ನೋಡಿದರೆ ಮನೆ ತುಂಬ ಊದುಬತ್ತಿಯ ಪರಿಮಳ. ಇವರು ಒದ್ದೆ ತಲೆಯಲ್ಲಿ, ಪಂಚೆಯಲ್ಲಿ, ನಿದ್ದೆಗಣ್ಣಿನಲ್ಲಿ ನಿಂತಿದ್ದಾರೆ. ಅಡುಗೆಮನೆಯ ಕಪಾಟಿನಲ್ಲಿ ಬಾಯ್ಲರ್ ಪಕ್ಕದ ನಮ್ಮ ದೇವರ ಗೂಡಿನೊಳಗೆ, ಬೆಳ್ಳಿ ಬಟ್ಟಲಲ್ಲಿ, ಗಂಧ ಹಚ್ಚಿಸಿಕೊಂಡು ಅಮೊನೈಟ್ ಕುಳಿತಿದೆ. ತುಳಸಿ ಸಿಗದೆ ತಲೆಯ ಮೇಲೆ ಸೂಪರ್ ಮಾರ್ಕೆಟ್ಟಿನ ಬೇಸಿಲ್ ಎಲೆ.

"ಸಾಲಿಗ್ರಾಮ ಮಾರಾಯ್ತಿ!" ಅತ್ತೆಯ ಕಣ್ಣಲ್ಲಿ ನೀರು. "ಬಟ್ಟೆ ಮಡಚಿಡುವಾಗ ಕಂಡ್ತು. ಚಕ್ರ ಕಾಣು, ಎಷ್ಟು ಸ್ಪಷ್ಟ! ಕಾಲುಚೀಲದಲ್ಲಿಟ್ಟಿದ್ಲು! ನಾವು ಹೆಂಗಸ್ರು ಮುಟ್ಟುಕಾಗ ಅಲ್ದಾ, ಅದ್ಕೆ ಮಾಣಿಯನ್ನ ಎಬ್ಬಿಸಿ ಸ್ನಾನ ಮಾಡ್ಸಿ ಪೂಜೆ ಮಾಡ್ಸಿದೆ. ಇನ್ನು ದಿನಾ ಆಗ್ಬೇಕು."

ಇವರು ನನ್ನ ಕಡೆ ನೋಡಿದ ನೋಟದಲ್ಲಿ ಶನಿಯ ಅಷ್ಟೂ ಚಂದ್ರರು ಕಂಡರು.

ಮಗಳು ಕೈ ಚಾಚಿದಳು. ಅತ್ತೆ ಅಡ್ಡ ನಿಂತರು. "ಬೇಡ ಮಗಾ. ಹೆಣ್ಣುಮಕ್ಕಳು ಮುಟ್ಟುಕಾಗ."

"ಬಟ್ ಅಜ್ಜಿ, ಇಟ್ಸ್ ಮೈನ್!"

"ಅವಳಿಗೆ ನಾಳೆ ಶಾಲೆಗೆ ಬೇಕಂತೆ ಅತ್ತೆ," ದೋಣಿ ಹೊರಡಿಸಿದೆ ನಾನು.

"ದೇವ್ರನ್ನ ಶಾಲೆಗೆ ಕಳಿಸ್ತಾರಾ? ಬೇರೆ ಕಲ್ಲು ಕೊಡು."

ಮಗಳು ನನ್ನ ಕಡೆ ನೋಡಿದಳು. ನನಗೂ ತಲೆ ಓಡಲಿಲ್ಲ, ದೋಣಿ ನಡುನೀರಿನಲ್ಲಿ ನಿಂತಿತು. ಅವಳ ಮುಖ ಕೆಂಪಾಯಿತು. ಎರಡು ಕೈ ಸೊಂಟದ ಮೇಲಿಟ್ಟಳು. ಆ ಭಂಗಿ ನನಗೆ ಎಲ್ಲೋ ನೋಡಿದ ಹಾಗನ್ನಿಸಿತು.

"ಎಂತದು ನಿಮ್ದು ಅಜ್ಜಿ?" ಅಚ್ಚ ಕನ್ನಡ, ಅದೂ ನಮ್ಮೂರಿನದೇ ರಾಗದಲ್ಲಿ. "ಬಂದಾಗಿಂದ ಕಾಣ್ತಿದ್ದೆ, ಕಾಲಿಟ್ಟಲ್ಲೆಲ್ಲ ಮಡಿ, ಕಣ್ಣಿಟ್ಟಲ್ಲೆಲ್ಲ ಕೊರತೆ! ಇದು ಬೊಂಡಾಸಿನ ಜಾತಿ ಪ್ರಾಣಿ! ಮೀನು, ಏಡಿ ಎಲ್ಲ ಮುಟ್ಟಿದ್ದಾವೆ. ಅವು ಮುಟ್ಟಿದ್ರೆ ಮಡಿ, ನಾನು ಮುಟ್ಟಿದ್ರೆ ಮೈಲಿಗೆಯಾ? ಕೊಡಿ ಅಂದ್ರೆ ಕೊಡಿ! ಇಲ್ದಿದ್ರೆ ನಾಳೆಯೇ ಟಿಕೆಟ್ ಮಾಡ್ಸಿ ವಿಮಾನ ಹತ್ಸಿಬಿಡ್ತೆ, ಮತ್ತೆ ನನ್ನನ್ನ ಕೇಳ್ಬೇಡಿ!"

ಬೊಂಡಾಸೊಂದು ಅವಳದು. ಉಳಿದ ಒಂದೊಂದು ಮಾತೂ ನನ್ನದೇ. ಫ್ಯಾನಿನ ಕೆಳಗೆ ಬಿತ್ತಿದ್ದೆಲ್ಲ ಒಂದೇ ಸಲಕ್ಕೆ ತೆನೆಯಾಗಿತ್ತು. ಇವರು ಪಂಚೆ ಎತ್ತಿಕೊಂಡು ಮೆಲ್ಲಗೆ ಹಿಂದಕ್ಕೆ ಸರಿದರು. ನಾನು ಕುಕ್ಕರ್ ತೊಳೆಯತೊಡಗಿದೆ. ಅದು ಆಗಲೇ ತೊಳೆದಿಟ್ಟಿದ್ದ ಕುಕ್ಕರ್.

ಅತ್ತೆ ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತರು. "ಮಗಾ," ಎಂದರು, "ಇನ್ನೊಂದ್ ಸಲ ಹೇಳು."

ಮಗಳು ಹೆದರಿದಳು. "ಸಾರಿ ಅಜ್ಜಿ..."

"ಸಾರಿ ಬೇಡ. ಆ ಬೊಂಡಾಸಿಂದು ಹೇಳು. ಮಡಿದೂ ಹೇಳು!"

ಮಗಳು ಸಣ್ಣ ದನಿಯಲ್ಲಿ ಮತ್ತೆ ಹೇಳಿದಳು. ಅತ್ತೆ ನಕ್ಕರು, ಅತ್ತರು, ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ನಕ್ಕರು. "ಕೇಳಿದ್ಯೇನಾ ಮಾಣಿ? ನನ್ನ ಮೊಮ್ಮಗಳು ಬೈತಾಳೆ! ಒಂದು ಮಾತೂ ತಪ್ಪದೆ ಬೈತಾಳೆ!"

ಆಮೇಲೆ ಇಬ್ಬರಿಗೂ ಮಾತೇ ನಿಲ್ಲಲಿಲ್ಲ. ಬೊಂಡಾಸು ದೇವರು ಹೇಗಾಗುತ್ತದೆ ಎಂದು ಇವಳ ವಾದ. ದೇವರು ಮೀನಿನ ಅವತಾರ ಎತ್ತಿದವನು, ಬೊಂಡಾಸಾಗುವುದು ಏನು ದೊಡ್ಡದು ಎಂದು ಅವರ ವಾದ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: "ಅಷ್ಟು ದೊಡ್ಡ ಕಡಲ ತೀರದಲ್ಲಿ ಹುಡುಕಿಕೊಂಡು ಬಂದದ್ದು ಇವಳ ಕೈಗೇ. ದೇವ್ರಿಗೇ ಇಲ್ಲದ ಮೈಲಿಗೆ ನನಗೆಂತಕ್ಕೆ? ತಕೊಂಡು ಹೋಗು. ಆದ್ರೆ ಕಾಲುಚೀಲದಲ್ಲಿ ಬೇಡ." ಮರುದಿನ ಅಮೊನೈಟ್ ಬೆಳ್ಳಿ ಬಟ್ಟಲಲ್ಲಿ, ನೈವೇದ್ಯಕ್ಕೆ ನಾಲ್ಕು ಒಣದ್ರಾಕ್ಷಿಯೊಂದಿಗೆ ಶಾಲೆಗೆ ಹೋಗಿ ಬಂತು.

ಅಂದು ಸಂಜೆ ಅವಳನ್ನು ಕರೆದುಕೊಂಡು ಬಂದು ನಾನು ಬೆಕ್ಕಿನ ಹಾಗೆ ಅಡುಗೆಮನೆ ಹೊಕ್ಕೆ. ಸಾರಿಗಿಟ್ಟು, ಅಭ್ಯಾಸಬಲದಿಂದ ಫ್ಯಾನ್ ಒತ್ತಿದೆ. ಹಿಂದಿನಿಂದ ಅತ್ತೆಯ ಕೈ ಬಂದು ಅದನ್ನು ಆರಿಸಿತು.

"ಇನ್ನು ಮೇಲೆ ಇದನ್ನ ಹಾಕದೆ ಗೊಣಗು ಮಾರಾಯ್ತಿ," ಎಂದರು. "ಮಗುಗೆ ಸರಿಯಾಗಿ ಕೇಳ್ಬೇಕಲ್ದಾ. ಇನ್ನೂ ಕಲೀಲಿಕ್ಕೆ ತುಂಬ ಬಾಕಿ."