ಮೂವತ್ತು ಜನ ತುಂಬಬೇಕಿದ್ದ ವರ್ಷ

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಕಡಲೇಕಾಯಿ ಬುಟ್ಟಿ ನಡುವೆ ಇಟ್ಟಿದ್ದೀನಿ, ಸಿಪ್ಪೆ ಮಾತ್ರ ಮೊರಕ್ಕೆ ಹಾಕಿ. ಇಷ್ಟು ವರ್ಷ ಕಸ ಗುಡಿಸಿದ ಕೈ ಇದು, ನೆಲದ ಮೇಲೆ ಸಿಪ್ಪೆ ಕಂಡರೆ ಹೇಳ್ತಿದ್ದ ಮಾತು ಮರೆತುಹೋಗುತ್ತೆ. ಶಾಲೆ ಕಾಲೇಜು ಅಂದಮೇಲೆ ಪಾಠ ನಡೆಯೋ ದಿನ ಕಮ್ಮಿ, ಫಜೀತಿ ನಡೆಯೋ ದಿನ ಜಾಸ್ತಿ. ಇವತ್ತಿಗೂ ಹಾಗೇ ಅಂತ ನಮ್ಮ ಮೊಮ್ಮಗಳು ಹೇಳ್ತಾಳೆ.

ನಾನು ಒಂದಕ್ಷರ ಓದಿದವಳಲ್ಲ. ಆದರೂ ಕಾಲೇಜಿನಲ್ಲೇ ಆಯಸ್ಸು ಕಳೆದೆ. ನೀರು ತುಂಬೋದು, ಕಸ ಗುಡಿಸೋದು, ಗಂಟೆ ಹೊಡೆಯೋದು ನನ್ನ ಕೆಲಸ. ಆಗ ರಾಜಾಜಿನಗರ ಅಂದರೆ ಅರ್ಧ ಸೈಟು, ಅರ್ಧ ರಾಗಿ ಹೊಲ. ನಿನ್ನೆ ಪೈರು ಕುಯ್ದ ಕಡೆ ಇವತ್ತು ಕಲ್ಲು ನೆಟ್ಟು, ಇದು ಇಷ್ಟನೇ ಬ್ಲಾಕು ಅನ್ನೋರು. ಸುತ್ತ ಫ್ಯಾಕ್ಟರಿಗಳು ಏಳ್ತಾ ಇದ್ವು. ಹೊಲ ಹೋದ ಮನೆಯ ಗಂಡಸರಿಗೋ ನೇಗಿಲು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅಂಥವರಿಗೆ ಫಿಟ್ಟರ್ ಕೆಲಸ ಕಲಿಸಿ ಫ್ಯಾಕ್ಟರಿಗೆ ಸೇರಿಸಬೇಕು ಅಂತ ನಮ್ಮ ದೊಡ್ಡ ಮೇಷ್ಟ್ರು ಮಾಗಡಿ ರಸ್ತೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಸುಬಿನ ಕಾಲೇಜು ತೆರೆದರು.

ಅದಕ್ಕೆ ಸರ್ಕಾರದ್ದು ಒಂದು ಕರಾರು ಇತ್ತು. ವರ್ಷಕ್ಕೊಂದು ಸಲ ಇನ್ಸ್‌ಪೆಕ್ಟರು ಬಂದು ಕಾಲೇಜು ಎಷ್ಟು ಬೆಳೆದಿದೆ ಅಂತ ನೋಡಿ ಬರ್ಕೊಂಡು ಹೋಗ್ತಾರೆ. ಮೂರನೇ ವರ್ಷಕ್ಕೆ ಕಲಿಯೋರು ಮೂವತ್ತು ಜನ ಆಗಿರಬೇಕು. ಆಗದಿದ್ದರೆ ಬೀಗ. ಬೀಗ ಬಿದ್ದರೆ ಮೇಷ್ಟ್ರ ಆಸೆ ಹೋಗೋದು ಒಂದು ಕಡೆ, ಶೆಡ್ಡಿನ ಹಿಂದಿನ ಕೋಣೆಯಲ್ಲಿ ಅತ್ತೆ ಮತ್ತು ಎರಡು ಮಕ್ಕಳನ್ನು ಕಟ್ಟಿಕೊಂಡಿದ್ದ ನಾನು ಬೀದಿಗೆ ಬೀಳೋದು ಇನ್ನೊಂದು ಕಡೆ.

ಹೇಳಿ ಕಳಿಸ್ತೀವಿ

ಬಾಗಿಲು ತೆರೆದು ಒಂದು ತಿಂಗಳಾದರೂ ನರಪಿಳ್ಳೆ ಬರಲಿಲ್ಲ. ಆಮೇಲೆ ಒಂದು ದಿನ ಸುಂಕದಕಟ್ಟೆ ಕಡೆಯಿಂದ ಎತ್ತಿನ ಗಾಡಿ ಬಂತು. ಇಳಿದವರು ಒಬ್ಬ ಗೌಡರು, ಅವರ ತಮ್ಮ, ಬಾಮೈದ, ಗೌಡರ ಹೆಂಡತಿ. ಇವರ ನಡುವೆ ಹೊಸ ಪಂಚೆ ಉಟ್ಟುಕೊಂಡು, ದಪ್ಪ ಮೀಸೆ ಬಿಟ್ಟುಕೊಂಡು, ತಲೆ ತಗ್ಗಿಸಿ ನಿಂತವನು ಗೌಡರ ಮಗ. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ತಂದಿದ್ದರು. ನಾನು ಚಾಪೆ ಹಾಕಿದೆ, ಉಪ್ಪಿಟ್ಟು ಮಾಡಿದೆ.

ಗೌಡರು ಶುರು ಮಾಡಿದರು. "ಮೇಷ್ಟ್ರೇ, ತಮ್ಮದು ಯಾವ ಊರು?"

"ತುಮಕೂರು ಕಡೆ."

"ಅಣ್ಣತಮ್ಮಂದಿರು ಎಷ್ಟು ಜನ? ನಿಮ್ಮ ಕಾಲೇಜಿಗೆ ವಯಸ್ಸೆಷ್ಟು?"

"ಒಂದು ತಿಂಗಳಾಯ್ತು."

"ಪರವಾಗಿಲ್ಲ, ಎಳೇದು," ಅಂದರು ಬಾಮೈದ.

ಗೌಡತಿ ಎದ್ದು ಹೋಗಿ ಕಬ್ಬಿಣ ಕಚ್ಚಿಸೋ ವೈಸಿನ ಮೇಲೆ ಬೆರಳಾಡಿಸಿ, "ಎಣ್ಣೆಗಿಣ್ಣೆ ಎಲ್ಲ ನೀನೇ ಹಚ್ಚೋದೇನವ್ವ?" ಅಂತ ನನ್ನ ಕಿವಿಯಲ್ಲಿ ಕೇಳಿದಳು. ಉಪ್ಪಿಟ್ಟು ತಿಂದು, ಕೈ ತೊಳೆದು, ಎಲ್ಲರೂ ಒಟ್ಟಿಗೇ ಎದ್ದರು. "ಊರಿಗೋಗಿ ಹೇಳಿ ಕಳಿಸ್ತೀವಿ."

ಮೇಷ್ಟ್ರು ಖುಷಿಯಾಗಿ ಹುಡುಗನ ಹೆಸರು ಹಾಜರಿ ಪುಸ್ತಕಕ್ಕೆ ಬರೆದೇಬಿಟ್ಟರು. ನಾನು, "ಅಳಿಸಿಬಿಡಿ ಮೇಷ್ಟ್ರೇ," ಅಂದೆ.

"ಯಾಕಮ್ಮ, ಹೇಳಿ ಕಳಿಸ್ತೀವಿ ಅಂದರಲ್ಲ?"

"ಅದಕ್ಕೇ ಹೇಳ್ತಾ ಇರೋದು. ನಮ್ಮ ನಾದಿನಿಯನ್ನು ನೋಡಿಕೊಂಡು ಹೋದ ಆರು ಮನೆಯೋರೂ ಹಾಗೇ ಅಂದಿದ್ದು."

ಮದುವೆಯಾಗದ ಮನುಷ್ಯ, ಅವರಿಗೇನು ಗೊತ್ತು ಪಾಪ. ಹದಿನೈದು ದಿನ ಬಾಗಿಲು ನೋಡಿದರು. ಕೊನೆಗೆ ನಾನೇ ಒಂದು ಮೊಳ ಹೂವು ತಗೊಂಡು ಸುಂಕದಕಟ್ಟೆಗೆ ನಡೆದೆ. "ನಮ್ಮಲ್ಲಿ ಏನು ಕೊರತೆ ಕಂಡ್ರಿ ಗೌಡ್ರೇ?"

"ಕೊರತೆ ಅಂತಲ್ಲ ಕಣವ್ವ. ನಮಗಿಂತ ಮುಂಚೆ ಯಾರಾದ್ರೂ ನೋಡ್ಕೊಂಡು ಹೋಗವ್ರಾ?"

"ದೇವರಾಣೆ ಯಾರೂ ಬಂದಿಲ್ಲ. ನೀವೇ ಮೊದಲು."

ಗೌಡರು ಎಲೆಗೆ ಸುಣ್ಣ ಸವರಿದರು. "ಒಂದು ತಿಂಗಳಿಂದ ಯಾರೂ ಬಂದಿಲ್ಲ ಅಂದ್ರೆ, ಅದೂ ಅನುಮಾನದ ಮಾತೇ ಅಲ್ವಾ?"

ಅಂತೂ ಗೌಡತಿಗೆ ಹೂವು ಮುಡಿಸಿ ಒಪ್ಪಿಸಿದೆ. ಒಳ್ಳೆ ಸೋಮವಾರ ನೋಡಿ ಮಗನನ್ನು ಕರ್ಕೊಂಡು ಬಂದು ಬಲಗಾಲಿಡಿಸಿ ಒಳಗೆ ಕಳಿಸಿದರು. ಗೌಡತಿ ಹೊಸಿಲ ಹೊರಗೆ ನಿಂತು ಕಣ್ಣೊರೆಸಿಕೊಂಡು, "ಮಗ ಇನ್ನೂ ಏನೂ ಅರಿಯ, ಹೊಡೀಬೇಡಿ ಮೇಷ್ಟ್ರೇ," ಅಂದಳು. ಅವಳ ಸೊಂಟದ ಮೇಲೆ ಆ ಮಗನ ಎರಡನೇ ಮಗು ಕೂತು ಬಾಳೆಹಣ್ಣು ತಿನ್ನುತ್ತಿತ್ತು.

ದಿನಾ ಸವೆಯೋ ಪೈರು

ಆ ಗೌಡರ ಮಗ ಬಂದಮೇಲೆ ಅವನ ನೆಂಟರು, ನೆಂಟರ ನೆಂಟರು ಅಂತ ಹತ್ತು ಜನ ಆದರು. ಈಗ ಕಲಿಸೋರದ್ದು ಕಷ್ಟ. ಫಿಟ್ಟರ್ ಮೇಷ್ಟ್ರು ಅಂತ ಯಾರನ್ನು ತಂದರೂ ಎರಡು ತಿಂಗಳಿಗೆ ಪಕ್ಕದ ಫ್ಯಾಕ್ಟರಿಯೋರು ಕರೆದುಬಿಡೋರು. ಮೂರು ಜನ ಹಾಗೆ ಹೋದರು. ಕೊನೆಗೆ ದೊಡ್ಡ ಮೇಷ್ಟ್ರು ತಾವೇ ಇಂಗ್ಲಿಷ್ ಪುಸ್ತಕ ಓದಿಕೊಂಡು, ಎಡಗೈಯಲ್ಲಿ ಪುಸ್ತಕ ಹಿಡಿದು ಬಲಗೈಯಲ್ಲಿ ತೋರಿಸಿ ಪಾಠ ಮಾಡೋರು.

ಫಿಟ್ಟರ್ ಪಾಠದ ಮೊದಲ ಮೆಟ್ಟಿಲು ಅಂದರೆ ಅರ ಉಜ್ಜೋದು. ಅರ ಅಂದರೆ ಕಬ್ಬಿಣ ಸವೆಸೋ ಹಲ್ಲಿನ ಪಟ್ಟಿ. ಒಂದು ಕಬ್ಬಿಣದ ತುಂಡು ಕೊಟ್ಟು, ನಾಲ್ಕು ಕಡೆಯೂ ಸಮ ಆಗೋವರೆಗೆ ಉಜ್ಜು ಅಂತಾರೆ. ಒಂದು ಕಡೆ ಸಮ ಆದರೆ ಇನ್ನೊಂದು ಕಡೆ ಓರೆ. ಓರೆ ತೆಗೆಯೋಕೆ ಹೋದರೆ ಮೊದಲನೇದು ಡೊಂಕು. ಎರಡು ತಿಂಗಳಾಯ್ತು, ಇನ್ನೂ ಅದೇ ತುಂಡು, ಅದೇ ಅರ.

ಗೌಡರು ಒಂದು ದಿನ ಮಗನ ಓದು ನೋಡೋಕೆ ಬಂದರು. "ಏನು ಕಲ್ತಿದ್ದೀಯ, ತೋರ್ಸಪ್ಪ."

ಮಗ ಕಬ್ಬಿಣದ ತುಂಡು ಕೈಯಲ್ಲಿಟ್ಟ. ಗೌಡರು ಅದನ್ನು ಅಂಗೈ ಮೇಲೆ ಆಡಿಸಿ ನೋಡಿದರು. "ಮೊದಲು ಎಷ್ಟು ದಪ್ಪ ಇತ್ತು?"

"ಇಷ್ಟು," ಅಂತ ಮಗ ಎರಡು ಬೆರಳು ತೋರಿಸಿದ.

"ಈಗ ಒಂದು ಬೆರಳು." ಗೌಡರು ಮೇಷ್ಟ್ರ ಕಡೆ ತಿರುಗಿದರು. "ಸ್ವಾಮಿ, ತಪ್ಪು ತಿಳೀಬೇಡಿ. ಎರಡು ತಿಂಗಳಿಗೆ ನಮ್ಮ ರಾಗಿ ಮೊಣಕಾಲುದ್ದ ಬೆಳೀತದೆ. ನಿಮ್ಮ ಪೈರು ದಿನಾ ಸವೀತಾ ಐತೆ. ಇನ್ನೆರಡು ತಿಂಗಳು ಬಿಟ್ಟು ಬಂದ್ರೆ ನೋಡೋಕೆ ಏನಾದ್ರೂ ಉಳಿದಿರ್ತದಾ?"

ಮೇಷ್ಟ್ರು ಪುಸ್ತಕ ಮಡಚಿ, "ನಿಮ್ಮ ಮಗ ಉಳಿದಿರ್ತಾನೆ ಗೌಡ್ರೇ," ಅಂದರು.

ಗೌಡರು ಮಗನನ್ನು ಮೇಲಿಂದ ಕೆಳಗೆ ನೋಡಿ, "ಅವನೂ ಇಳಿದವ್ನೆ," ಅಂದರು.

ಮುಟ್ಟಬಾರದ ದಿನ

ಎರಡನೇ ವರ್ಷದ ಹೊತ್ತಿಗೆ ಹದಿನಾರು ಜನ. ಆಯುಧಪೂಜೆ ದಿನ ಎಲ್ಲರಿಗೂ ಅವರವರ ಮನೆಯಲ್ಲಿ ನೇಗಿಲು, ಗಾಡಿ ಪೂಜೆ ಇರುತ್ತಲ್ಲ, ಅದಕ್ಕೇ ಕಾಲೇಜಿನ ಪೂಜೆ ಹಿಂದಿನ ದಿನವೇ ಮುಗಿಸಿದೆವು. ವೈಸಿಗೆ ಅರಿಶಿನ ಕುಂಕುಮ, ಸುತ್ತಿಗೆಗೆ ಚೆಂಡುಹೂವು, ಅರಗಳನ್ನೆಲ್ಲ ಸಾಲಾಗಿ ಬಾಳೆಲೆ ಮೇಲೆ ಇಟ್ಟು ಬೂದುಗುಂಬಳ ಒಡೆದೆವು. ನನ್ನ ಪೊರಕೆಗೂ ಒಂದು ಹೂವು ಸಿಕ್ಕಿತು. ಆ ಹೊತ್ತಿಗೆ ಸರಿಯಾಗಿ ಇನ್ಸ್‌ಪೆಕ್ಟರು ಸೈಕಲ್ ಇಳಿದರು.

ಸುತ್ತ ನೋಡಿ, "ಬಹಳ ಸಂತೋಷ. ಯಾರಾದರೂ ಒಂದು ತುಂಡು ಉಜ್ಜಿ ತೋರಿಸಿ," ಅಂದರು.

ಮೇಷ್ಟ್ರು ಗೌಡರ ಮಗನಿಗೆ ಕಣ್ಸನ್ನೆ ಮಾಡಿದರು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ಪೂಜೆಗಿಟ್ಟಿದ್ದನ್ನ ಕದಲಿಸಿದ್ರೆ ನಮ್ಮಪ್ಪ ಮನೆಗೆ ಸೇರಿಸಲ್ಲ ಮೇಷ್ಟ್ರೇ."

"ಹೋಗಲಿ, ಹಾಜರಿ ಪುಸ್ತಕ ಕೊಡಿ," ಅಂದರು ಇನ್ಸ್‌ಪೆಕ್ಟರು. ಅದೂ ಪೂಜೆಗೆ ಕೂತಿತ್ತು. ಶಾಯಿ ಬಾಟಲಿಗೂ ಕುಂಕುಮ ಆಗಿತ್ತು. ಅವರು ತಮ್ಮ ಜೇಬಿನ ಪೆನ್ನು ತೆಗೆದರು. ಬರೀ ಪೆನ್ನು, ನೋಡೋಕೆ ಬಿಕೋ ಅಂತಿತ್ತು. ಬಂದವರ ಪೆನ್ನಿಗೆ ಮಾತ್ರ ಯಾಕೆ ಅನ್ಯಾಯ ಅಂತ ನಾನು ಹೋಗಿ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟೆ.

ಇನ್ಸ್‌ಪೆಕ್ಟರು ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು, ಮೆತ್ತಗೆ ಅದನ್ನು ಬಾಳೆಲೆ ಮೇಲೆ ಅರಗಳ ಪಕ್ಕ ಇಟ್ಟರು. ಅವರ ಮನೆಯಲ್ಲೂ ತಾಯಿ ಇದ್ದಿರಬೇಕು. ಹಬ್ಬ ಕಳೆದಮೇಲೆ ಬಂದು ಪೆನ್ನು ತಗೊಂಡು ವರದಿ ಬರೆದರು. ಮೇಷ್ಟ್ರು ಅದನ್ನು ನನಗೆ ಓದಿ ಹೇಳಿದರು: "ಸಲಕರಣೆಗಳನ್ನು ಬಹಳ ಭಕ್ತಿಯಿಂದ ಇಟ್ಟುಕೊಂಡಿದ್ದಾರೆ. ಉಪಯೋಗಿಸುವುದು ಕಂಡುಬರಲಿಲ್ಲ."

ಬೆಳೆದಿದೆ ಸಾರ್

ಮೂರನೇ ವರ್ಷ ಬಂತು. ಇದ್ದವರು ಹತ್ತೊಂಬತ್ತು. ಬೇಕಾದವರು ಮೂವತ್ತು. ನಾಳೆ ಇನ್ಸ್‌ಪೆಕ್ಟರು ಬರ್ತಾರೆ ಅನ್ನೋ ದಿನ ಮೇಷ್ಟ್ರು ಎಲ್ಲರನ್ನೂ ಕೂರಿಸಿಕೊಂಡು, "ನಾನು ಸುಳ್ಳು ಹೆಸರು ಬರೆಯಲ್ಲ. ಬೀಗ ಬಿದ್ದರೆ ಬೀಳಲಿ," ಅಂದರು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಆಡಿಸಿ, ನೆಟ್ಟಗೆ ಕೆಂಗೇರಿ ಹತ್ತಿರದ ನಮ್ಮ ತವರಿಗೆ ಹೋದೆ.

ಅಲ್ಲಿ ನಮ್ಮ ಬೀದಿಯ ಕಮ್ಮಾರಣ್ಣ ಇದ್ದರು. ಐವತ್ತು ದಾಟಿದ ವಯಸ್ಸು, ಕಬ್ಬಿಣ ಬಡಿದೂ ಬಡಿದೂ ತೋಳು ತೊಲೆ ಆಗಿತ್ತು. ಸುತ್ತಲಿನ ಹೊಲಗಳು ಹೋದಮೇಲೆ ನೇಗಿಲ ಗುಳ ಬಡಿಸೋರು ಕಮ್ಮಿಯಾಗಿ ಕುಲುಮೆ ಆರಿಸಿ ಕೂತಿದ್ದರು. "ಅಣ್ಣಯ್ಯ, ಒಂದಿನದ ಮಟ್ಟಿಗೆ ಬಂದು ಕಲಿಯೋರ ಥರ ಕೂತ್ಕೋಬೇಕು. ಬಾಯಿ ಮಾತ್ರ ಬಿಡಬಾರದು," ಅಂದೆ. ಅವರೂ, ಅವರ ಮಾತು ಕೇಳೋ ಹದಿನಾಲ್ಕು ಜನವೂ ಹೊರಟರು. ಹತ್ತೊಂಬತ್ತಕ್ಕೆ ಹದಿನೈದು ಸೇರಿದರೆ ಸಾಕಲ್ಲ ಅಂತ ನನ್ನ ಲೆಕ್ಕ.

ಬೆಳಿಗ್ಗೆ ಬಂದು ನೋಡಿದರೆ ಶೆಡ್ಡು ತುಂಬಿ ತುಳುಕ್ತಾ ಇದೆ. ಆ ಹತ್ತೊಂಬತ್ತು ಜನರಲ್ಲಿ ಒಬ್ಬೊಬ್ಬನೂ ಯಾರಿಗೂ ಹೇಳದೆ ಇಬ್ಬರು ಮೂವರನ್ನು ಕರ್ಕೊಂಡು ಬಂದಿದ್ದಾನೆ. ಗೌಡರು ಸ್ವತಃ ಮಗನ ಪಕ್ಕ ಕೂತಿದ್ದಾರೆ. ಕಿಟಕಿ ಮೇಲೆ ಇಬ್ಬರು. ಮೂಲೆಯಲ್ಲಿ ಕೋಟು ಹಾಕಿ ಕನ್ನಡಕ ಇಟ್ಟ ಒಬ್ಬರು ಬೆವರು ಒರೆಸಿಕೊಳ್ತಾ ಇದ್ದರು. ಯಾರಪ್ಪಾ ಇವರು ಅಂತ ನೋಡ್ತಾ ಇದ್ದೆ. ಅಷ್ಟರಲ್ಲಿ ಸುಳ್ಳು ಹೇಳಲ್ಲ ಅಂದಿದ್ದ ನಮ್ಮ ಮೇಷ್ಟ್ರೇ ಹತ್ತಿರ ಹೋಗಿ, "ಭಾವ, ಆ ಕೋಟು ತೆಗೀರಿ, ಈ ಟವಲ್ ಸುತ್ಕೊಳ್ಳಿ," ಅಂತ ಪಿಸುಗುಟ್ಟಿದರು.

ಎಂಬತ್ತು ಜನಕ್ಕೆ ಕಮ್ಮಿ ಇರಲಿಲ್ಲ. ಇನ್ಸ್‌ಪೆಕ್ಟರು ಬಾಗಿಲಲ್ಲೇ ನಿಂತುಬಿಟ್ಟರು. "ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಇದೆಯಲ್ಲ ಮೇಷ್ಟ್ರೇ?"

"ಹೌದು ಸಾರ್."

"ಇಲ್ಲಿ?"

ಮೇಷ್ಟ್ರು ಕೈ ಕಟ್ಟಿಕೊಂಡು, "ಬೆಳೆದಿದೆ ಸಾರ್," ಅಂದರು.

ಇನ್ಸ್‌ಪೆಕ್ಟರು ಜನರ ನಡುವೆ ಕಣ್ಣು ಹಾಯಿಸಿ, ಎಲ್ಲರಿಗಿಂತ ದಪ್ಪಗಿದ್ದ ಕಮ್ಮಾರಣ್ಣನನ್ನೇ ಎಬ್ಬಿಸಿದರು. "ಬನ್ನಿ, ಈ ತುಂಡನ್ನು ಸಮ ಮಾಡಿ ತೋರಿಸಿ."

ಕಮ್ಮಾರಣ್ಣ ಅರ ಕೈಗೆ ತಗೊಂಡರು. ತಿರುಗಿಸಿ ನೋಡಿದರು. ಮುಖ ಗಂಟಿಕ್ಕಿತು. ನಾನು ಹಿಂದಿನಿಂದ ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ನೋಡಿದರು, ಆದರೆ ತಡ್ಕೊಳ್ಳೋಕೆ ಆಗಲಿಲ್ಲ.

"ಈ ಅರ ಯಾರ ಕೈಲಿತ್ತು?"

ಗೌಡರ ಮಗ ಎದ್ದು ನಿಂತ.

"ಮುಂದಕ್ಕೆ ಒತ್ತಬೇಕು, ಹಿಂದಕ್ಕೆ ಬರೋವಾಗ ಭಾರ ಬಿಡಬೇಕು. ನೀನು ಎರಡೂ ಕಡೆ ಒತ್ತಿ ಉಜ್ಜಿ ಹಲ್ಲೆಲ್ಲ ತಿಂದಾಕಿದ್ದೀಯ. ಯಾರೋ ನಿನಗೆ ಹೇಳ್ಕೊಟ್ಟಿದ್ದು?"

ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಪುಸ್ತಕದ ಕಡೆ ನೋಡಿದರು.

ಕಮ್ಮಾರಣ್ಣ ಸೀಮೆಸುಣ್ಣ ಕೇಳಿ, ಹಲ್ಲಿಗೆ ಪುಡಿ ಕಚ್ಚದಿರಲಿ ಅಂತ ಅರಕ್ಕೆ ಸವರಿದರು. ಆಮೇಲೆ ಉಜ್ಜೋಕೆ ಶುರು ಮಾಡಿದರು ನೋಡಿ, ಎಂಬತ್ತು ಜನವೂ ಕತ್ತು ಚಾಚಿದರು. ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತಿನಲ್ಲಿ ತುಂಡು ಕೈಗೆ ಕೊಟ್ಟರು. ಇನ್ಸ್‌ಪೆಕ್ಟರು ಅದಕ್ಕೆ ಓರೆಕೋರೆ ನೋಡೋ ಮೂಲೆಮಟ್ಟ ಹಿಡಿದು ಬೆಳಕಿಗೆ ಎತ್ತಿದರು. ನಡುವೆ ಒಂದು ಕೂದಲೆಳೆ ಬೆಳಕೂ ತೂರಲಿಲ್ಲ.

"ಭೇಷ್. ಎಷ್ಟು ದಿನದಿಂದ ಕಲೀತಿದ್ದೀರಿ?"

ಕಮ್ಮಾರಣ್ಣ ಜೀವಮಾನದಲ್ಲಿ ಸುಳ್ಳಾಡಿದವರಲ್ಲ. "ಬೆಳಿಗ್ಗೆಯಿಂದ ಸ್ವಾಮಿ."

ಮೇಷ್ಟ್ರು ಕೈಮುಗಿದು ಎಲ್ಲ ಒಪ್ಪಿಕೊಂಡರು. ಭಾವನನ್ನೂ ತೋರಿಸಿಬಿಟ್ಟರು. ನಾನು ಮನಸ್ಸಿನಲ್ಲೇ ಪಾತ್ರೆಪಗಡೆ ಕಟ್ಟೋಕೆ ಶುರು ಮಾಡಿದ್ದೆ.

ಇನ್ಸ್‌ಪೆಕ್ಟರು ಕುರ್ಚಿ ಎಳ್ಕೊಂಡು ಕೂತರು. "ಆಯ್ತು. ನಾಳೆಯಿಂದ ನಿಜವಾಗಲೂ ಬರೋರು ಎಷ್ಟು ಜನ? ಅವರು ಮಾತ್ರ ಮುಂದೆ ಬನ್ನಿ. ಹೆಸರು ನಾನೇ ಬರ್ಕೋತೀನಿ. ಒಂದು ವಾರ ಬಿಟ್ಟು ಹೇಳದೆ ಬಂದು ನೋಡ್ತೀನಿ."

ಯಾರೂ ಎದ್ದೇಳಲಿಲ್ಲ. ಕಮ್ಮಾರಣ್ಣ ಮಾತ್ರ ಆ ಅರಗಳನ್ನು ಒಂದೊಂದಾಗಿ ಎತ್ತಿ ನೋಡಿ ಲೊಚಗುಟ್ಟುತ್ತಾ ಇದ್ದರು. "ನಾನು ಬರ್ತೀನಿ," ಅಂದರು ಕೊನೆಗೆ. "ಇವನ್ನ ಇವರ ಕೈಲಿ ಬಿಟ್ಟು ಹೋದ್ರೆ ನನಗೆ ಊಟ ಸೇರಲ್ಲ." ಅವರು ಹೆಬ್ಬೆಟ್ಟು ಒತ್ತಿದರು. ಅವರ ಹಿಂದೆ ನಮ್ಮ ತವರಿನ ಹದಿನಾಲ್ಕೂ ಜನ ಎದ್ದು ಬಂದರು. ಮೂವತ್ತನಾಲ್ಕಾಯ್ತು. ಒಂದು ವಾರ ಬಿಟ್ಟು ಇನ್ಸ್‌ಪೆಕ್ಟರು ಬಂದಾಗಲೂ ಮೂವತ್ತನಾಲ್ಕು ಇತ್ತು.

ಯಾರ್ಯಾರು ಏನೇನಾದರು

ಮೇಷ್ಟ್ರಿಗೆ ಮದುವೆ ಆಯ್ತು. ಹೆಣ್ಣು ನೋಡೋಕೆ ನನ್ನನ್ನೂ ಕರ್ಕೊಂಡು ಹೋಗಿದ್ದರು. ತಗಡು ಹೋಗಿ ಹೆಂಚು ಬಂತು, ಹೆಂಚು ಹೋಗಿ ತಾರಸಿ ಬಂತು, ಅಷ್ಟನ್ನೂ ನೋಡಿ ನಿವೃತ್ತಿಯಾಗಿ ತುಮಕೂರಿಗೆ ಹೋದರು. ಇನ್ಸ್‌ಪೆಕ್ಟರಿಗೆ ಬೇರೆ ಊರಿಗೆ ವರ್ಗ ಆಯ್ತು, ಹೋಗೋ ಮುಂಚೆ ತಮ್ಮ ತಂಗಿ ಮಗನನ್ನು ತಂದು ನಮ್ಮಲ್ಲೇ ಸೇರಿಸಿದರು. ಗೌಡರು ಮಾತ್ರ ಕೊನೆವರೆಗೂ ಆ ಕಬ್ಬಿಣದ ತುಂಡು ಹಾಳಾಯ್ತಲ್ಲ ಅಂತ ಪೇಚಾಡ್ತಾನೇ ಇದ್ದು ತೀರಿಕೊಂಡರು. ಅವರ ಮಗ ಫ್ಯಾಕ್ಟರಿಗೆ ಹೋದ, ಮನಸ್ಸು ಬರಲಿಲ್ಲ ಅಂತ ವಾಪಸ್ ಬಂದ, ಕಲಿಸೋನಾದ, ಮೇಷ್ಟ್ರು ಹೋದಮೇಲೆ ಅವನೇ ದೊಡ್ಡ ಮೇಷ್ಟ್ರಾದ. ನಾನು ಅದೇ ಕೋಣೆಯಲ್ಲಿದ್ದು ಮಕ್ಕಳ ಮದುವೆ ಮಾಡಿದೆ.

ಇನ್ನು ಕಮ್ಮಾರಣ್ಣ. ಓದು ಬರಹ ಇಲ್ಲದವರನ್ನು ಮೇಷ್ಟ್ರು ಅಂತ ನೇಮಿಸೋಕೆ ಕಾನೂನು ಇರಲಿಲ್ಲ. ಅದಕ್ಕೇ ಪುಸ್ತಕದಲ್ಲಿ ಅವರು ಕಲಿಯೋರಾಗೇ ಉಳಿದರು. ಹದಿನಾಲ್ಕು ವರ್ಷ ಕಾಲೇಜಿಗೆಲ್ಲ ಅವರೇ ಕಲಿಸಿದರು, ಹದಿನಾಲ್ಕು ವರ್ಷವೂ ಒಂದನೇ ತರಗತಿಯಲ್ಲೇ ಇದ್ದರು. ಹೊಸದಾಗಿ ಬಂದ ಇನ್ಸ್‌ಪೆಕ್ಟರುಗಳು ಅವರ ಹೆಸರಿನ ಮುಂದೆ "ಪ್ರಗತಿ ಸಾಲದು" ಅಂತ ಬರೆದು ಹೋಗೋರು.

ಕೈ ನಡುಗೋಕೆ ಶುರುವಾದಮೇಲೆ ಅವರು ಊರಿಗೆ ಹೊರಟರು. ಗೌಡರ ಮಗ ಹಾರ ಹಾಕಿ, ತಾನೇ ಸಹಿ ಮಾಡಿದ ಸರ್ಟಿಫಿಕೇಟನ್ನು ಅವರ ಕೈಗಿಟ್ಟು ಕಾಲಿಗೆ ಬಿದ್ದ.

ಕಮ್ಮಾರಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, "ಏನಂತ ಬರೆದಿದ್ದೀಯಪ್ಪ?" ಅಂದರು.

"ಪಾಸು ಅಂತ, ಗುರುಗಳೇ. ಎರಡನೇ ದರ್ಜೆ."

"ನಿನಗೆ ಯಾವ ದರ್ಜೆ ಬಂದಿತ್ತು?"

"ಮೊದಲನೇದು."

"ಅರ ಹಿಡಿಯೋದು ಹೇಳ್ಕೊಟ್ಟಿದ್ದು ಯಾರು?"

"ನೀವೇ."

"ಮತ್ತೆ ನನಗ್ಯಾಕಪ್ಪ ಎರಡನೇದು?"

ಗೌಡರ ಮಗ ತಲೆ ಕೆರ್ಕೊಂಡ. "ಏನ್ಮಾಡ್ಲಿ ಗುರುಗಳೇ, ಹದಿನಾಲ್ಕು ವರ್ಷವೂ ನೀವು ಬರೆಯೋ ಪರೀಕ್ಷೆಗೆ ಬರಲಿಲ್ಲವಲ್ಲ."

"ಹೆಂಗೋ ಬರೋದು?" ಅಂದರು ಕಮ್ಮಾರಣ್ಣ. "ಪರೀಕ್ಷೆ ದಿನ ಮೊದಲು ದೊಡ್ಡ ಮೇಷ್ಟ್ರು, ಆಮೇಲೆ ನೀನೇ ಅಲ್ವೇನೋ ನನ್ನನ್ನ ಬಾಗಿಲಲ್ಲಿ ಕೂರಿಸಿ, ಯಾರೂ ಕಾಪಿ ಹೊಡೀದಂಗೆ ನೋಡ್ಕೊಳ್ಳಿ ಅಂದಿದ್ದು."