ಜಾಯ್‌ಸ್ಟಿಕ್ಕಿಗೆ ಪೂಜೆ ಮಾಡಿದ್ದು

ನನ್ನ ಬಲಗೈ ಹೆಬ್ಬೆರಳಿನ ಬಗ್ಗೆ ನನಗೆ ಮೊದಲಿನಿಂದಲೂ ಭಾರೀ ಗೌರವ. ಲಗ್ನಕ್ಕೆ ಮುಂಚೆ, ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮನ್ನು ಹೊಸಪೇಟೆಯಿಂದ ತಂದು, ಕಾರ್ ರೇಸಿನಲ್ಲಿ ಇಡೀ ಓಣಿಯನ್ನು ಸೋಲಿಸಿದ ಹೆಬ್ಬೆರಳು ಅದು. ಆಮೇಲೆ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ನೋಟ್‌ಬುಕ್ಕು, ಪೆನ್ನು ಮಾರುವ ಅಂಗಡಿ ಇಟ್ಟೆ. ಲಗ್ನವಾಯಿತು. ಹೆಬ್ಬೆರಳು ಕ್ಯಾಲ್ಕುಲೇಟರಿನ ಪಾಲಾಯಿತು. ಆದರೂ ಒಳಗೆ ವಿದ್ಯೆ ಜೀವಂತವಾಗಿದೆ ಎಂದೇ ನಂಬಿದ್ದೆ.

ಎರಡು ಸಾವಿರದ ಇಸವಿ ದಾಟಿ ಊರಿಗೆ ಕಂಪ್ಯೂಟರ್ ಬಂದ ಮೇಲೆ ಹಳೇ ಗೇಮುಗಳನ್ನು ಕೇಳುವವರೇ ಇಲ್ಲವಾದರು. ನನ್ನ ಗೆಳೆಯ, ಟಿ.ವಿ. ಮೆಕ್ಯಾನಿಕ್ ಮಾಬುಸಾಬನ ಅಂಗಡಿಯಲ್ಲಿ ಅವು ಧೂಳು ಹಿಡಿದು ಬಿದ್ದಿದ್ದವು. ಒಂದು ಬೇಸಿಗೆಯಲ್ಲಿ ಅವನು ಮಿಕ್ಸರ್ ಮಾರಾಟ ಶುರು ಮಾಡಿದ; ಜನರನ್ನು ಸೇರಿಸಲು ಒಂದು ಉಪಾಯ ಹೂಡಿದ. ಭಾನುವಾರ ಹಳೇ ವಿಡಿಯೋ ಗೇಮಿನ ಪಂದ್ಯ. ಮೂವತ್ತು ದಾಟಿದವರಿಗೆ ಮಾತ್ರ. ಗೆದ್ದವರಿಗೆ ಹೊಸ ಮಿಕ್ಸರ್! ಅಂಗಡಿಯ ಜಾಯ್‌ಸ್ಟಿಕ್ಕುಗಳು ಸವೆದಿದ್ದರಿಂದ ಅವರವರದನ್ನು ಅವರೇ ತರಬೇಕು.

ಮಿಕ್ಸರ್ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾದವು. ನಮ್ಮ ಮನೆಯ ಮಿಕ್ಸರ್ ಹಿಂದಿನ ಆಯುಧ ಪೂಜೆ ಮುಗಿದ ಎರಡೇ ದಿನಕ್ಕೆ ಗುರ್ ಎಂದು ಹೊಗೆ ಬಿಟ್ಟು ತೀರಿಕೊಂಡಿತ್ತು. ಆ ಹೊತ್ತಿಗೆ ನನ್ನ ಹೆಂಡತಿ ನಾಗವೇಣಿ ಅದರಲ್ಲಿ ಶೇಂಗಾ ಚಟ್ನಿಪುಡಿ ಮಾಡುತ್ತಿದ್ದಳು. ಹಾಗಾಗಿ ವಿಚಾರಣೆಯ ಅಗತ್ಯವೇ ಬೀಳಲಿಲ್ಲ. ಅಷ್ಟು ಶೇಂಗಾ ತುರುಕಿದರೆ ಯಾವ ಯಂತ್ರ ತಡೆಯುತ್ತದೆ ಎಂದು, ಸುಟ್ಟದ್ದನ್ನು ರಿಪೇರಿಗೆ ಒಯ್ಯುವುದೂ ದಂಡವೆಂದು ಸ್ಥಳದಲ್ಲೇ ತೀರ್ಪು ಕೊಟ್ಟೆ. ಆ ತೀರ್ಪನ್ನು ನೆಂಟರಿಗೆ ಓದಿ ಹೇಳಿದೆ, ನೆರೆಯವರಿಗೆ ಹೇಳಿದೆ, ಮಾಗಳದಲ್ಲಿರುವ ಅವಳ ತಾಯಿಗೂ ಹೇಳಿದೆ. ಪಾಪ, ಅವಳೂ ತಪ್ಪು ತನ್ನದೇ ಎಂದು ಒಪ್ಪಿಕೊಂಡು ಏಳು ತಿಂಗಳಿಂದ ಒರಳಿನಲ್ಲೇ ರುಬ್ಬುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗಿತ್ತು.

"ಚಿಂತಿ ಮಾಡಬ್ಯಾಡ. ನೀ ಸುಟ್ಟ ಮಿಕ್ಸರ್ ನಾ ಗೆದ್ದು ತರ್ತೀನಿ," ಎಂದೆ, ಉದಾರ ಮನಸ್ಸಿನಿಂದ.

"ನಿಮಗ ಇನ್ನೂ ಆಡಾಕ ಬರ್ತೈತೇನ್ರಿ?" ಎಂದಳು. ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಹೆಬ್ಬೆರಳಿಗೆ ಅವಮಾನವೆಂದು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ಅಟ್ಟದಿಂದ ಜಾಯ್‌ಸ್ಟಿಕ್ ಇಳಿಸಿ ಒರೆಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇವತ್ತು ಇದನ್ನು ಬರೆಯಬೇಕಾಗಿರಲಿಲ್ಲ. ಆದರೆ ನಾವು ಜಂಗಮರು. ನಮ್ಮ ಮನೆಯಲ್ಲಿ ಕತ್ತರಿ, ಸೈಕಲ್ಲು, ಹೊಲಿಗೆ ಯಂತ್ರ, ಯಾವುದೂ ಪೂಜೆಯಿಲ್ಲದೆ ಕೆಲಸಕ್ಕೆ ಇಳಿಯುವುದಿಲ್ಲ. ಜಾಯ್‌ಸ್ಟಿಕ್ಕನ್ನು ಮಣೆಯ ಮೇಲೆ ಕೂರಿಸಿ, ವಿಭೂತಿ ನೆನೆಸಿ ಮೂರು ಗೆರೆ ಎಳೆದೆ. ಕುಂಕುಮ ಇಟ್ಟೆ. ಅಕ್ಷತೆ ಹಾಕಿದೆ. ಸಕ್ಕರೆ ನೈವೇದ್ಯವಾಯಿತು. ಕಾಯಿ ಒಡೆದು ನೀರು ಚಿಮುಕಿಸಿದೆ. ಬೇರೆಯವರು ನಾಲ್ಕು ಹನಿ ಚಿಮುಕಿಸುತ್ತಾರೆ. ನನ್ನ ಭಕ್ತಿ ದೊಡ್ಡದು, ಬಟ್ಟಲು ಖಾಲಿಯಾಯಿತು! ಅದಕ್ಕೆ ಅಷ್ಟೊಂದು ನೀರು ಯಾಕೆ ಎಂದು ನಾಗವೇಣಿ ಕೇಳಿದಳು. ಪೂಜೆಯ ನಡುವೆ ಮಾತಾಡಬಾರದೆಂದು ಕೈಸನ್ನೆ ಮಾಡಿದೆ.

ಹತ್ತು ಗಂಟೆಗೆ ಮಾಬುಸಾಬ ಎಲ್ಲರ ಜಾಯ್‌ಸ್ಟಿಕ್ಕುಗಳನ್ನು ಒಂದೊಂದಾಗಿ ಪರೀಕ್ಷಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟ. ನನ್ನದು ಆಗ ಚೆನ್ನಾಗಿಯೇ ನಡೆಯಿತು. ಆಟ ಸರಳ. ಕೆಂಪು ಗುಂಡಿ ಒತ್ತಿದರೆ ಕಾರು ಜೋರು, ಬಿಟ್ಟರೆ ನಿಧಾನ. ಒಬ್ಬೊಬ್ಬರಿಗೆ ಮೂರು ಕಾರು. ಮೂರೂ ನುಚ್ಚಾಗುವ ಮುಂಚೆ ಯಾರು ಹೆಚ್ಚು ದೂರ ಹೋದರೋ ಅವರು ಗೆದ್ದಂತೆ. ಅಂಗಡಿಯ ಮುಂದೆ ಪೆಂಡಾಲು ಹಾಕಿತ್ತು. ಮುಂದಿನ ಸಾಲಿನಲ್ಲಿ ಓಣಿಯ ಹೆಂಗಸರ ಜೊತೆ ನಾಗವೇಣಿ ಕೂತಿದ್ದಳು. ಮಿಕ್ಸರ್ ಇಡಲೆಂದು ಅಡಿಗೆಮನೆಯ ಕಟ್ಟೆಯ ಮೇಲೆ ಜಾಗ ಮಾಡಿಯೇ ಬಂದಿದ್ದಳು.

ಬ್ಯಾಂಕಿನ ಗುಮಾಸ್ತರು ಬೇಗ ಮೂರೂ ಕಾರು ನುಚ್ಚು ಮಾಡಿಕೊಂಡು ಎದ್ದರು. ಹರಪನಹಳ್ಳಿ ಬಸ್ಸಿನ ಡ್ರೈವರ್ ರುದ್ರಪ್ಪ ಕೂತವನು ಆಟದಲ್ಲೂ ಬಸ್ಸನ್ನೇ ಓಡಿಸಿದ. ತಿರುವು ಬಂದರೆ ನಿಧಾನ, ಲಾರಿ ಕಂಡರೆ ಪಕ್ಕಕ್ಕೆ. ಜನ ಆಕಳಿಸಿದರು, ಎದ್ದು ಚಹಾ ಕುಡಿದು ಬಂದರು, ಅವನ ಮೊದಲನೇ ಕಾರೇ ಇನ್ನೂ ಓಡುತ್ತಿತ್ತು. ಇದೂ ಒಂದು ಆಟವೇ ಎಂದು ನಾನು ನಕ್ಕೆ.

ನನ್ನ ಸರದಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಅಂಗಿಯ ತೋಳು ಮಡಚಿ, ಹೆಂಡತಿಯ ಕಡೆ ಒಮ್ಮೆ ನೋಡಿ, ಕೆಂಪು ಗುಂಡಿ ಒತ್ತಿದೆ. ಕಾರು ಹೊರಟಿತು. ತಿರುವು ಬಂತು, ಗುಂಡಿ ಬಿಟ್ಟೆ. ಕಾರು ನಿಧಾನವಾಗಲಿಲ್ಲ! ಮೊದಲನೆಯದು ಲಾರಿಗೆ ಹೋಯಿತು. ಎರಡನೆಯದು ಬಂಡೆಗೆ ಹೋಯಿತು. ಮೂರನೆಯ ಕಾರಿನಲ್ಲಿ ನಾನು ಗುಂಡಿಯನ್ನೇ ಮುಟ್ಟಲಿಲ್ಲ. ಎರಡೂ ಕೈ ಮೇಲೆತ್ತಿ ಸಭೆಗೆ ತೋರಿಸಿದೆ. ಕಾರು ತನ್ನಷ್ಟಕ್ಕೆ ತಾನೇ ಓಡಿ ಹೋಗಿ ಮರಕ್ಕೆ ಗುದ್ದಿಕೊಂಡಿತು. ಒಂದು ನಿಮಿಷವೂ ಆಗಿರಲಿಲ್ಲ.

ಅಲ್ಲಿಗೇ ಎದ್ದು ಹೋಗಿದ್ದರೆ ಬರೀ ಸೋತವನಾಗುತ್ತಿದ್ದೆ. ಆದರೆ ನನ್ನ ಹೆಬ್ಬೆರಳು ತಪ್ಪು ಮಾಡಲು ಸಾಧ್ಯವೇ ಇರಲಿಲ್ಲವಲ್ಲ! ತಪ್ಪು ಮಾಡಿದವರು ಬೇರೆ ಯಾರಾದರೂ ಆಗಿರಲೇಬೇಕು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಅಂದೆ:

"ಮಾಬಣ್ಣ, ಬೆಳಿಗ್ಗಿಂದ ಇದು ನಿನ್ನ ಕೈಯಾಗ ಇತ್ತು. ಮಿಕ್ಸರ್ ಕೊಡಾಕ ಮನಸ್ಸಿರಲಿಲ್ಲಂದ್ರ ಮೊದ್ಲ ಹೇಳಬೇಕಿತ್ತು."

ನನ್ನ ಅಂಗಡಿಯ ಫ್ಯಾನು, ಮನೆಯ ಟಿ.ವಿ., ನಮ್ಮಪ್ಪನ ರೇಡಿಯೋ, ಕರೆದಾಗಲೆಲ್ಲ ಬಂದು ಸರಿಮಾಡಿದ ಮನುಷ್ಯ ಅವನು. ಅವನ ಮುಖ ಸಣ್ಣದಾಯಿತು. ಸ್ಕ್ರೂಡ್ರೈವರ್ ತೆಗೆದುಕೊಂಡು ಜಾಯ್‌ಸ್ಟಿಕ್ಕನ್ನು ಎಲ್ಲರೆದುರಿಗೇ ಬಿಚ್ಚಿದ. ಜನ ಬಗ್ಗಿ ನೋಡಿದರು. ಕಾಯಿನೀರಿಗೆ ವಿಭೂತಿ, ಕುಂಕುಮ, ಸಕ್ಕರೆ ಎಲ್ಲ ಸೇರಿ ಒಣಗಿ ಅಂಟಾಗಿ, ಕೆಂಪು ಗುಂಡಿಯನ್ನು ಹಿಡಿದುಕೊಂಡಿದ್ದವು. ಪಕ್ಕದಲ್ಲಿ ಅಕ್ಷತೆ. ಅಕ್ಷತೆಯ ಪಕ್ಕದಲ್ಲಿ ಎರಡು ಇರುವೆ.

"ಸ್ವಾಮೇರ, ಒಳಗ ಗುಡೀನ ಐತಲ್ರಿ," ಎಂದ ಮೆಲ್ಲಗೆ.

ಇಡೀ ಪೆಂಡಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದಿದ್ದವರು ಮೂವರು: ನಾನು, ಮಾಬುಸಾಬ, ನಾಗವೇಣಿ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅವನೇ ನನ್ನ ಭುಜ ತಟ್ಟಿ, ಮನೆಯಲ್ಲಿರುವ ಹಳೇ ಮಿಕ್ಸರನ್ನು ನಾಳೆ ತಂದರೆ ನೋಡುತ್ತೇನೆ ಎಂದ. ಹೊಸ ಮಿಕ್ಸರ್ ರುದ್ರಪ್ಪನ ಜೊತೆ ಹರಪನಹಳ್ಳಿ ಬಸ್ಸು ಹತ್ತಿತು.

ಮರುದಿನ ಬೆಳಿಗ್ಗೆ ಮಿಕ್ಸರ್ ಹೊತ್ತುಕೊಂಡು ಹೋದೆ. ನಾಗವೇಣಿಯೂ ಬಂದಳು. ಮೊದಲು ಮಾಬುಸಾಬನ ಕೈ ಹಿಡಿದು ತಪ್ಪಾಯಿತು ಅಂದೆ. ಇರಲಿ ಬಿಡ್ರಿ ಎಂದು ಅವನು ಮಿಕ್ಸರನ್ನು ಬೋರಲು ಹಾಕಿ ತಳ ಬಿಚ್ಚಿದ. ಒಳಗೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಜಾಯ್‌ಸ್ಟಿಕ್ಕಿನೊಳಗಿದ್ದ ಅದೇ ಒಣಗಿದ ಅಂಟು ನನಗೂ ಕಂಡಿತು. ಹಿಂದಿನ ಆಯುಧ ಪೂಜೆಯ ದಿನ ಮಿಕ್ಸರಿನ ಮೇಲೆ ಕಾಯಿನೀರು ಸುರಿದ ಕೈ ಯಾರದೆಂದು ನೆನಪಾಯಿತು.

ನಿನ್ನೆ ನಾಲ್ಕು ಜನರೆದುರು ನಾನು ಕಳ್ಳನೆಂದು ಕರೆದ ಆ ಮನುಷ್ಯ, ಮಿಕ್ಸರನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ.

"ಹಳೇದಾಗಿತ್ರಿ ಅಕ್ಕಾರ, ಮೋಟರಿನ ವೈಂಡಿಂಗ್ ಹೋಗೇತಿ. ಯಾರ್ದೂ ತಪ್ಪಿಲ್ಲ," ಎಂದ.

ಆದರೆ ತಳ ತಿರುಗಿಸುವಾಗ ಏನೋ ಟಪ್ ಎಂದು ಮೇಜಿನ ಮೇಲೆ ಬಿದ್ದಿತ್ತು. ನಾಗವೇಣಿ ಅದನ್ನು ಎತ್ತಿ ಆ ಗಟ್ಟಿಯಾದ ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಅರಿಶಿನ ಹಚ್ಚಿದ ಒಂದೇ ಒಂದು ಅಕ್ಕಿಕಾಳು.

"ನಾ ಹಾಕಿದ್ದು ಶೇಂಗಾರಿ," ಎಂದಳು. "ಅಕ್ಷತಿ ಅಲ್ಲ."

ಕೂಗಾಡಿದ್ದರೆ ಒಳ್ಳೆಯದಿತ್ತು. ಅವಳು ಕೂಗಾಡಲಿಲ್ಲ. ಹೊರಗೆ ಬಂದ ಮೇಲೆ ಒಂದೇ ಮಾತು ಹೇಳಿದಳು: "ಎಷ್ಟು ಮಂದಿ ಮುಂದ ನನ್ನ ತಪ್ಪು ಅಂತ ಹೇಳೀರೋ, ಅಷ್ಟೂ ಮಂದಿಗೆ ಹೇಳಿ ಬರ್ರಿ." ಹೇಳಿದೆ. ನೆರೆಯವರ ಬಾಗಿಲಿಗೆ ಹೋಗಿ ಹೇಳಿದೆ. ಎಸ್‌ಟಿಡಿ ಬೂತಿನಿಂದ ಮಾಗಳದ ಅತ್ತೆಗೆ ಫೋನ್ ಹಚ್ಚಿ ಹೇಳಿದೆ. ಕಿವಿ ಮಂದವಾದ ಅತ್ತೆ ಮೂರು ಸಲ ಹೇಳಿಸಿಕೊಂಡರು. ಬೂತಿನ ಹೊರಗೆ ನಿಂತವರಿಗೂ ವಿಷಯ ತಿಳಿಯಿತು!

ಮಾಬುಸಾಬ ವೈಂಡಿಂಗ್ ಮಾಡಿಕೊಟ್ಟ ಮಿಕ್ಸರ್ ಈಗ ಚೆನ್ನಾಗಿ ನಡೆಯುತ್ತಿದೆ. ಆ ವರ್ಷದ ಆಯುಧ ಪೂಜೆಯ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನಾಗವೇಣಿ ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದಳು. ಟಿ.ವಿ., ಫ್ಯಾನು, ಸೈಕಲ್ಲು, ಯಾವುದರ ಹತ್ತಿರವೂ ನನ್ನನ್ನು ಬಿಡಲಿಲ್ಲ. ಮಣೆ ಹಾಕಿ ನನ್ನನ್ನೇ ಕೂರಿಸಿದಳು. ಹಣೆಗೆ ವಿಭೂತಿ ಎಳೆದಳು, ತಲೆಯ ಮೇಲೆ ಅಕ್ಷತೆ ಹಾಕಿದಳು. ಕಾಯಿನೀರಿನ ಬಟ್ಟಲು ಕೈಗೆತ್ತಿಕೊಂಡಾಗ, ಸ್ವಲ್ಪ ಕಡಿಮೆ ಹಾಕು ಎಂದೆ.

"ಪೂರ್ತಿ ಹಾಕಿದ್ರೂ ಚಿಂತಿಲ್ಲರಿ," ಎಂದು ಬಟ್ಟಲು ಬಗ್ಗಿಸಿದಳು. "ಇದು ಮೊದ್ಲ ಕೆಟ್ಟೈತಿ."